ಲೋಕಾಂತ್ಯದ ಕುರಿತು ಧರ್ಮಗಳು ಹೇಳುವುದೇನು?



ಕಳೆದ ಅಮಾವಾಸ್ಯೆಯ ದಾಸೋಹದ ನಂತರ ಹಿರಿಯ ಭಕ್ತರೊಬ್ಬರು ಶ್ರೀಮಠದ ಕಾರ್ಯಾಲಯಕ್ಕೆ ಬಂದು ತಮ್ಮ ಮೊಬೈಲನ್ನು ನಮ್ಮ ಮುಂದಿಟ್ಟರು. ಕೆಲವೇ ತಿಂಗಳುಗಳಲ್ಲಿ ಜಗತ್ತು ಮುಳುಗಲಿದೆಯೆಂಬ ವಿಡಿಯೋ ಅದರಲ್ಲಿತ್ತು. “ಹೊಲದ ಬದುವಿಗೆ ನಾಲ್ಕು ತೆಂಗಿನ ಸಸಿ ಹಚ್ಚಬೇಕಂತ ಮಾಡೀನ್ರಿ. ಫಲ ಬರಾಕ ಆರೇಳು ವರ್ಷ ಬೇಕು. ಹಚ್ಚಲೋ, ಬ್ಯಾಡೋ?” ಎಂದು ಕೇಳಿದರು. ನಕ್ಕು ಕಳುಹಿಸುವ ಪ್ರಶ್ನೆ ಅದಲ್ಲ. ಇಂಥ ಅಂಜಿಕೆ ಅವರೊಬ್ಬರದೂ ಅಲ್ಲ. ಆದುದರಿಂದ ಈ ವಿಷಯದಲ್ಲಿ ಧರ್ಮಗಳು ನಿಜವಾಗಿ ಏನು ಹೇಳಿವೆ ಎಂಬುದನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಮೊದಲು ನಮ್ಮ ನೆಲದ ಲೆಕ್ಕ. ಪುರಾಣಗಳ ಪ್ರಕಾರ ಕಲಿಯುಗದ ಅವಧಿ 4,32,000 ವರ್ಷ. ಅದು ಆರಂಭವಾದದ್ದು ಕ್ರಿ.ಪೂ. 3102ರಲ್ಲಿ. ಈ ಲೆಕ್ಕವನ್ನೇ ಹಿಡಿದರೂ ಇನ್ನು 4,26,000ಕ್ಕೂ ಹೆಚ್ಚು ವರ್ಷಗಳು ಉಳಿದಿವೆ! ಐಹೊಳೆಯ ಮೇಗುಟಿಯಲ್ಲಿ ಇಮ್ಮಡಿ ಪುಲಕೇಶಿಯ ಕಾಲದ ಶಾಸನವಿದೆ. ಕವಿ ರವಿಕೀರ್ತಿ ಅದರಲ್ಲಿ ಶಕವರ್ಷ 556ರ ಜೊತೆಗೆ ಭಾರತಯುದ್ಧ ಕಳೆದು 3735 ವರ್ಷಗಳಾದುವೆಂದೂ ಕಾಲವನ್ನು ನಮೂದಿಸಿದ್ದಾನೆ. ಅವನಿಗೆ ಕಲಿಕಾಲವೆಂಬುದು ದಿನ ಎಣಿಸುವ ಒಂದು ಗಣನೆಯಾಗಿತ್ತು. ಜೈನಧರ್ಮದಲ್ಲಂತೂ ಜಗತ್ತಿಗೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಉತ್ಸರ್ಪಿಣಿ, ಅವಸರ್ಪಿಣಿಗಳೆಂಬ ಏರಿಳಿತದ ಚಕ್ರ ಮಾತ್ರ ಇದೆ. ಬೌದ್ಧರು ಧರ್ಮವು ಮರೆತುಹೋದ ಕಾಲದಲ್ಲಿ ಮೈತ್ರೇಯನು ಬರುವನೆನ್ನುತ್ತಾರೆ.

ಪಶ್ಚಿಮದ ಧರ್ಮಗಳಲ್ಲಿ ಕಾಲವು ಚಕ್ರವಲ್ಲ, ಒಂದೇ ದಿಕ್ಕಿಗೆ ಸಾಗುವ ದಾರಿ. ಜರತುಷ್ಟ್ರ ಮತದಲ್ಲಿ ಕಡೆಗೆ ಕರಗಿದ ಲೋಹದ ಹೊಳೆ ಹರಿಯುತ್ತದೆ. ಸಜ್ಜನರಿಗೆ ಅದು ಬೆಚ್ಚನೆಯ ಹಾಲಿನಂತಿರುತ್ತದೆ, ಲೋಕವೆಲ್ಲ ಶುದ್ಧಗೊಳ್ಳುತ್ತದೆ. ಯಹೂದಿಗಳು ಮೆಸ್ಸಾಯನನ್ನು ನಿರೀಕ್ಷಿಸುತ್ತಾರೆ. ಕ್ರೈಸ್ತರೂ ಮುಸ್ಲಿಮರೂ ಯೇಸುವಿನ ಪುನರಾಗಮನವನ್ನು ನಂಬುತ್ತಾರೆ. ಅಂತಿಮ ನ್ಯಾಯವಿಚಾರಣೆಯೂ ಇಬ್ಬರಲ್ಲಿಯೂ ಇದೆ. ಆದರೆ ಆ ಗಳಿಗೆಯನ್ನು ದೇವರೊಬ್ಬನೇ ಬಲ್ಲನೆಂದು ಮತ್ತಾಯನ ಸುವಾರ್ತೆಯೂ ಕುರ್‌ಆನೂ ಸ್ಪಷ್ಟವಾಗಿ ಹೇಳಿವೆ. ದಿನಾಂಕ ಸಾರುವವರು ತಮ್ಮ ಗ್ರಂಥಗಳನ್ನೇ ಮೀರಿ ನಡೆಯುತ್ತಾರೆ.

ಇಂಥ ದರ್ಶನಗಳು ಹುಟ್ಟಿದ್ದು ಯಾರ ನಡುವೆ? ಕ್ರಿ.ಪೂ. 167ರಲ್ಲಿ ನಾಲ್ಕನೆಯ ಆಂಟಿಯೋಕಸ್ ದೊರೆ ಯಹೂದಿಗಳ ಉಪಾಸನೆಯನ್ನೇ ನಿಷೇಧಿಸಿದನು. ಬೈಬಲಿನ ದಾನಿಯೇಲನ ಗ್ರಂಥವು ಈಗಿನ ರೂಪ ಪಡೆದದ್ದು ಆ ಸಂಕಟದಲ್ಲಿ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಪ್ರಕಟನೆಯ ಗ್ರಂಥವು ರೋಮನ್ ಆಳ್ವಿಕೆಯಲ್ಲಿ ಕಷ್ಟಕ್ಕೀಡಾದ ಏಳು ಸಣ್ಣ ಸಭೆಗಳಿಗೆ ಬರೆದದ್ದು. ನಮ್ಮ ಕಾಲಜ್ಞಾನ ಸಾಹಿತ್ಯವನ್ನೂ ಹೀಗೆಯೇ ಓದಬೇಕೆಂದು ನಮಗೆ ತೋರುತ್ತದೆ. 12ನೆಯ ಶತಮಾನದಲ್ಲಿ ಕಲ್ಯಾಣ ಒಡೆಯಿತು, ಶರಣರು ದಿಕ್ಕಾಪಾಲಾದರು. ವೀರವಸಂತರಾಯನು ಬರುವನು, ಶರಣರು ಕಲ್ಯಾಣಕ್ಕೆ ಮರಳುವರು ಎಂಬ ಕಾಲಜ್ಞಾನದ ನುಡಿಯಲ್ಲಿ ಆ ನೋವು ಇದೆ, ಮುರಿದದ್ದು ಮತ್ತೆ ಕೂಡೀತೆಂಬ ಆಸೆಯೂ ಇದೆ. ನೊಂದವರಿಗೆ ಧೈರ್ಯ ಹೇಳಲು ಹುಟ್ಟಿದ ಮಾತನ್ನು ಇಂದು ಅಂಜಿಸಲು ಬಳಸುತ್ತಿರುವುದು ವಿಷಾದದ ಸಂಗತಿ.

ದಿನಾಂಕ ನಂಬಿದವರ ಪಾಡು ಏನಾಯಿತೆಂಬುದಕ್ಕೆ ಅಮೆರಿಕದ ವಿಲಿಯಂ ಮಿಲ್ಲರ್‌ನ ಪ್ರಸಂಗ ಸಾಕು. ಅವನು ನ್ಯೂಯಾರ್ಕ್ ರಾಜ್ಯದ ರೈತ, ವಂಚಕನಲ್ಲ, ಶ್ರದ್ಧಾವಂತನೇ. ದಾನಿಯೇಲನ ಗ್ರಂಥದ 2300 ದಿನಗಳನ್ನು ವರ್ಷಗಳೆಂದು ಎಣಿಸಿ, 1843ರ ಸುಮಾರಿಗೆ ಕ್ರಿಸ್ತನ ಆಗಮನವೆಂದು ಸಾರಿದನು. ಅದು ತಪ್ಪಿದಾಗ ಅನುಯಾಯಿಗಳು 1844ರ ಅಕ್ಟೋಬರ್ 22ನ್ನು ಗೊತ್ತುಮಾಡಿದರು. ಸಾವಿರಾರು ಜನ ಕಾದರು. ಕೆಲವರು ಬೆಳೆದ ಆಲೂಗಡ್ಡೆಯನ್ನೂ ಕೀಳದೆ ಹೊಲದಲ್ಲಿಯೇ ಬಿಟ್ಟರು. ಮರುದಿನ ಎಂದಿನಂತೆ ಬೆಳಗಾಯಿತು; ಅನೇಕರು ಬಿಕ್ಕಿಬಿಕ್ಕಿ ಅತ್ತರು. ಇತಿಹಾಸದಲ್ಲಿ ಅದಕ್ಕೆ ‘ಮಹಾ ನಿರಾಶೆ’ ಎಂದೇ ಹೆಸರು. 2012ರ ಡಿಸೆಂಬರ್ 21ರಂದು ಪ್ರಳಯವೆಂದು ನಮ್ಮ ಟಿವಿ ವಾಹಿನಿಗಳು ಕೂಗಿದ್ದು ತಮಗೆ ನೆನಪಿರಬಹುದು. ಮಾಯಾ ಪಂಚಾಂಗದ ಒಂದು ದೀರ್ಘ ಆವರ್ತ ಅಂದು ಮುಗಿದಿತ್ತು, ಅಷ್ಟೇ.

ಆ ಹಿರಿಯರಿಗೆ ನಾವು ಇಷ್ಟೆಲ್ಲವನ್ನು ಹೇಳಲಿಲ್ಲ, ಎರಡು ಮಾತು ಮಾತ್ರ ಹೇಳಿದೆವು. ಒಂದನೆಯ ಶತಮಾನದ ಯಹೂದಿ ಗುರು ಯೋಹಾನಾನ್ ಬೆನ್ ಜಕ್ಕಾಯ್ ಅವರದೆಂದು ಒಂದು ಉಪದೇಶವಿದೆ: ಕೈಯಲ್ಲಿ ಸಸಿ ಹಿಡಿದಿರುವಾಗ ಮೆಸ್ಸಾಯನು ಬಂದನೆಂದು ಯಾರಾದರೂ ಹೇಳಿದರೆ, ಮೊದಲು ಸಸಿ ನೆಟ್ಟು ಅನಂತರ ಸ್ವಾಗತಕ್ಕೆ ಹೋಗಬೇಕು. ಪ್ರವಾದಿ ಮುಹಮ್ಮದರ ಒಂದು ಹದೀಸಿನ ತಾತ್ಪರ್ಯವೂ ಅದೇ: ಅಂತ್ಯಕಾಲ ಬಂದೇಬಿಟ್ಟರೂ, ಕೈಯಲ್ಲಿ ಸಸಿಯಿದ್ದರೆ ಸಾಧ್ಯವಾದರೆ ಅದನ್ನು ನೆಡಬೇಕು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಬೈಲನ್ನು ಅಂಗಿಯ ಜೇಬಿಗೆ ಇಳಿಸಿದರು. “ಮಠದ ತ್ವಾಟದಾಗ ಸಸಿ ಅದಾವೇನ್ರಿ?” ಎಂದು ಕೇಳಿದರು.