ನಿಮಗಿದು ಗೊತ್ತೇ? ಒಣಮರದ ಒಡೆಯ ಮರಕುಟಿಗ

ಬಾಹ್ಯಾಕಾಶ ನೌಕೆಯೊಂದು ಮರಕುಟಿಗಗಳ ದೆಸೆಯಿಂದ ತಿಂಗಳಿಗೂ ಹೆಚ್ಚು ಕಾಲ ನೆಲ ಬಿಟ್ಟೇಳಲಿಲ್ಲ! 1995ರಲ್ಲಿ ಫ್ಲಾರಿಡಾದ ಕೆನಡಿ ಕೇಂದ್ರದಲ್ಲಿ ‘ಡಿಸ್ಕವರಿ’ ಹಾರಲು ಸಿದ್ಧವಾಗಿ ನಿಂತಿತ್ತು. ಗೂಡಿಗೆ ಜಾಗ ಹುಡುಕುತ್ತಿದ್ದ ಫ್ಲಿಕರ್ ಜಾತಿಯ ಮರಕುಟಿಗಗಳು ಅದರ ಇಂಧನ ತೊಟ್ಟಿಯ ಮೇಲಿನ ಫೋಮ್ ಹೊದಿಕೆಗೆ ಸುಮಾರು 200 ತೂತು ಹಾಕಿದವು. ನೌಕೆಯನ್ನು ಹಿಂದಕ್ಕೆ ಒಯ್ದು ರಿಪೇರಿ ಮಾಡಿ, ಹಕ್ಕಿಗಳನ್ನು ಬೆದರಿಸಲು ಪ್ಲಾಸ್ಟಿಕ್ ಗೂಬೆಗಳನ್ನು ನಿಲ್ಲಿಸಿ, ಕೊನೆಗೆ ಜುಲೈ 13ರಂದು ಹಾರಿಸಿದರು.

ಮರದ ಮೇಲಿಂದ ಕೇಳಿಬರುವ ‘ಟರ್‌ರ್‌ರ್’ ಸದ್ದಿಗೂ ಹಕ್ಕಿಯ ಹಸಿವಿಗೂ ಸಂಬಂಧವಿಲ್ಲ. ಹುಳ ಹುಡುಕುವ ಕುಕ್ಕು ನಿಧಾನ, ಬಿಟ್ಟುಬಿಟ್ಟು ಬೀಳುತ್ತದೆ. ಸೆಕೆಂಡಿಗೆ 20ರಷ್ಟು ಪೆಟ್ಟಿನ ಆ ಮೊರೆತ, ಕೋಗಿಲೆಗೆ ಕೂಗು ಹೇಗೋ ಹಾಗೆ, ಸಂಗಾತಿಯನ್ನು ಕರೆಯಲು ಮತ್ತು ‘ಇದು ನನ್ನ ಜಾಗ’ ಎಂದು ಸಾರಲು. ಗಂಡು ಹೆಣ್ಣು ಎರಡೂ ಬಾರಿಸುತ್ತವೆ. ಒಳಗೆ ಟೊಳ್ಳಾದ ಒಣಕೊಂಬೆ ಸಿಕ್ಕರೆ ಸದ್ದು ದೂರ ಹೋಗುತ್ತದೆ. ಊರಲ್ಲಾದರೆ ತಗಡಿನ ಶೀಟೂ ಆದೀತು. ಹಾಡು ಕಲಿಯುವ ಹಕ್ಕಿಗಳ ಮಿದುಳಿನಲ್ಲಿ ಹಾಡಿಗೆಂದೇ ಇರುವಂಥ ಭಾಗಗಳು ಮರಕುಟಿಗದ ಮಿದುಳಿನಲ್ಲೂ ಇವೆ, ಅವು ಬಾರಿಸುವ ಹೊತ್ತಿನಲ್ಲಿ ಚುರುಕಾಗುತ್ತವೆ ಎಂದು 2022ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು.

ಅಷ್ಟು ಬಡಿದರೂ ತಲೆಗೇನೂ ಆಗದೇ? ಬುರುಡೆಯೊಳಗಿನ ಸ್ಪಂಜಿನಂಥ ಮೂಳೆ ಪೆಟ್ಟನ್ನು ಹೀರಿಕೊಳ್ಳುತ್ತದೆ ಎಂದು ಬಹುಕಾಲ ಓದಿಕೊಂಡು ಬಂದಿದ್ದೇವೆ. 2022ರಲ್ಲೇ ಬೆಲ್ಜಿಯಂನ ಸ್ಯಾಮ್ ವಾನ್ ವಾಸೆನ್‌ಬರ್ಗ್ ಮತ್ತು ಸಂಗಡಿಗರು ಮೂರು ಜಾತಿಯ ಮರಕುಟಿಗಗಳನ್ನು ಅತಿವೇಗದ ಕ್ಯಾಮೆರಾದಲ್ಲಿ ಚಿತ್ರಿಸಿ ಲೆಕ್ಕ ಹಾಕಿದರು. ಕೊಕ್ಕು ಎಷ್ಟು ಗಕ್ಕನೆ ನಿಲ್ಲುತ್ತದೋ ಬುರುಡೆಯೂ ಅಷ್ಟೇ ಗಕ್ಕನೆ ನಿಲ್ಲುತ್ತದೆ. ನಡುವೆ ಪೆಟ್ಟು ಹೀರುವಂಥದ್ದೇನೂ ಇಲ್ಲ. ಇದ್ದಿದ್ದರೆ ಮರಕ್ಕೆ ಬೀಳಬೇಕಾದ ಬಲವೇ ಸೋರಿಹೋಗುತ್ತಿತ್ತು. ಹಕ್ಕಿಯನ್ನು ಕಾಯುವುದು ಮಿದುಳಿನ ಪುಟ್ಟ ಗಾತ್ರ. ಇಷ್ಟು ಚಿಕ್ಕ, ಹಗುರ ಮಿದುಳಿಗೆ ಆ ಪೆಟ್ಟು ಅಪಾಯದ ಮಟ್ಟ ಮುಟ್ಟುವುದೇ ಇಲ್ಲ. ಮರಕುಟಿಗಕ್ಕೆ ತಲೆನೋವು ಏಕೆ ಬರುವುದಿಲ್ಲ ಎಂಬುದರ ಅಧ್ಯಯನಕ್ಕೆ, ವಿನೋದದ ಸಂಶೋಧನೆಗಳಿಗೆಂದೇ ಕೊಡುವ ಇಗ್‌ನೊಬೆಲ್ ಪ್ರಶಸ್ತಿಯೂ 2006ರಲ್ಲಿ ಸಂದಿದೆ.

ಕೊಕ್ಕು ಮರಕ್ಕೆ ತಾಗುವ ಮುನ್ನ ಕಣ್ಣಿನ ಮೇಲೆ ಒಳರೆಪ್ಪೆ ಸರಿದುಕೊಳ್ಳುತ್ತದೆ. ಮೂಗಿನ ಹೊಳ್ಳೆಗಳ ಮೇಲಿನ ಪುಟ್ಟ ಗರಿಗಳು ಮರದ ಪುಡಿಯನ್ನು ತಡೆಯುತ್ತವೆ.

ನಾಲಿಗೆಯದಂತೂ ದೊಡ್ಡ ಕತೆ. ಅದಕ್ಕೆ ಆಧಾರವಾದ ಎಳೆಯಂಥ ಎಲುಬುಗಳು ಗಂಟಲಿನಿಂದ ಹೊರಟು, ಬುರುಡೆಯ ಹಿಂಬದಿಯನ್ನು ಬಳಸಿ, ನೆತ್ತಿಯ ಮೇಲೆ ಹಾದು ಮುಂದಕ್ಕೆ ಬರುತ್ತವೆ. ಕೆಲವು ಜಾತಿಗಳಲ್ಲಿ ಮೂಗಿನ ಹೊಳ್ಳೆಯವರೆಗೂ. ಯೂರೋಪಿನ ಹಸಿರು ಮರಕುಟಿಗ ಕೊಕ್ಕಿನಾಚೆಗೆ ಸುಮಾರು 10 ಸೆಂಟಿಮೀಟರ್ ನಾಲಿಗೆ ಚಾಚಿ ಇರುವೆಗೂಡನ್ನು ತಡಕಾಡುತ್ತದೆ. ಮರಕುಟಿಗದ ನಾಲಿಗೆಯನ್ನು ವಿವರಿಸಬೇಕು ಎಂದು ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಯಲ್ಲಿ ಗುರುತು ಹಾಕಿಕೊಂಡಿದ್ದ.

ಬಾಲದ ಗರಿಗಳು ಬಿರುಸು. ಕಾಂಡಕ್ಕೆ ಅವನ್ನು ಊರಿಕೊಂಡೇ ಹಕ್ಕಿ ಪೆಟ್ಟು ಹಾಕುವುದು. ಗರಿ ಉದುರಿಸುವ ಕಾಲದಲ್ಲಿ ನಡುವಿನ ಎರಡು ಗರಿಗಳು ಕಟ್ಟಕಡೆಗೆ ಉದುರುತ್ತವೆ, ಉಳಿದವು ಬೆಳೆದು ಭಾರ ಹೊರಲು ಸಜ್ಜಾದ ಮೇಲೆ.

ಪಶ್ಚಿಮ ಘಟ್ಟದ ಕಂದುಗೆಂಪು ಮರಕುಟಿಗದ ಸಂಸಾರವನ್ನು ಓದಿದಷ್ಟೂ ಬೆರಗು. ಹೊಟ್ಟೆಯ ತುದಿಯನ್ನು ಬೆನ್ನ ಮೇಲೆತ್ತಿ ಓಡಾಡುವ ಮರದಿರುವೆಗಳನ್ನು ನೋಡಿರುತ್ತೀರಿ. ಕೊಂಬೆಗಳಲ್ಲಿ ಅಗಿದ ನಾರಿನಿಂದ ಕಂದು ಬಣ್ಣದ ಉಂಡೆಗೂಡು ಕಟ್ಟುತ್ತವೆ. ಈ ಹಕ್ಕಿ ಅದೇ ಗೂಡನ್ನು ಕೊರೆದು, ಇರುವೆಗಳು ತುಂಬಿರುವಾಗಲೇ ಅದರೊಳಗೆ ಮೊಟ್ಟೆಯಿಟ್ಟು ಮರಿ ಮಾಡುತ್ತದೆ. ಅದರ ಮುಖ್ಯ ಆಹಾರವೂ ಇರುವೆಯೇ! ತಿನ್ನುವವನೂ ತಿನಿಸೂ ಒಂದೇ ಗೋಡೆಯೊಳಗೆ. ಕಚ್ಚಿ ಹಿಡಿದು ಸತ್ತ ಇರುವೆಗಳ ತಲೆಗಳು ಹಕ್ಕಿಯ ಬಾಲದ ಗರಿಗೆ ಅಂಟಿಕೊಂಡಿರುವುದನ್ನು ಪಕ್ಷಿತಜ್ಞರು ದಾಖಲಿಸಿದ್ದಾರೆ.

ಇದೇ ಘಟ್ಟದಲ್ಲಿ ಸುಮಾರು 48 ಸೆಂಟಿಮೀಟರ್ ಉದ್ದದ ಬಿಳಿಹೊಟ್ಟೆಯ ದೊಡ್ಡ ಕಪ್ಪು ಮರಕುಟಿಗವೂ ಇದೆ, ಗುಬ್ಬಿಗಿಂತ ಚಿಕ್ಕದಾದ 13 ಸೆಂಟಿಮೀಟರಿನ ಗಿಡ್ಡ ಮರಕುಟಿಗವೂ ಇದೆ.

ತಲೆಯ ಮೇಲೆ ಬೀಸಣಿಗೆಯಂಥ ಜುಟ್ಟು ಬಿಚ್ಚಿಕೊಂಡು ಅಂಗಳದ ಹುಲ್ಲಿನಲ್ಲಿ ಕುಕ್ಕುತ್ತಾ ನಡೆಯುವ ಚಂದ್ರಮುಕುಟ ಮರಕುಟಿಗವಲ್ಲ. ಬಹಳ ಮಂದಿ ಹಾಗೆಂದುಕೊಂಡಿದ್ದಾರೆ. ತೋಟದ ತೆಂಗಿನ ಮರವನ್ನು ನೆಟ್ಟಗೆ ಹತ್ತುವ, ಹೊಂಬಣ್ಣದ ಬೆನ್ನಿನ, ಕೆಂಪು ಜುಟ್ಟಿನ ಹಕ್ಕಿಯೇ ನಮ್ಮ ಊರುಗಳ ಮರಕುಟಿಗ.

ಬಹುಪಾಲು ಮರಕುಟಿಗಗಳಲ್ಲಿ ರಾತ್ರಿಯಿಡೀ ಕಾವಿಗೆ ಕೂರುವುದು ಅಪ್ಪ.

ಆಸ್ಟ್ರೇಲಿಯಾ, ನ್ಯೂಗಿನಿ, ಮಡಗಾಸ್ಕರ್‌ಗಳಲ್ಲಿ ಮರಕುಟಿಗಗಳೇ ಇಲ್ಲ. ಮಡಗಾಸ್ಕರ್‌ನಲ್ಲಿ ಆ ಕೆಲಸವನ್ನು ‘ಆಯ್‌ಆಯ್’ ಎಂಬ ನಿಶಾಚರ ಪ್ರಾಣಿ ವಹಿಸಿಕೊಂಡಿದೆ. ಬೆರಳಿನಿಂದ ಮರ ತಟ್ಟಿ, ಕಿವಿಗೊಟ್ಟು, ಹಲ್ಲಿನಿಂದ ಕೊರೆದು, ಕಡ್ಡಿಯಂಥ ಉದ್ದ ಬೆರಳಿನಿಂದ ಹುಳ ಎಳೆಯುತ್ತದೆ. ಗ್ಯಾಲಪಗೋಸ್ ದ್ವೀಪಗಳಲ್ಲಾದರೆ ಒಂದು ಫಿಂಚ್ ಹಕ್ಕಿ ಪಾಪಾಸುಕಳ್ಳಿಯ ಮುಳ್ಳನ್ನು ಕೊಕ್ಕಿನಲ್ಲಿ ಹಿಡಿದು ಹುಳವನ್ನು ಹೊರಗೆಬ್ಬಿಸುತ್ತದೆ.

ಶುಕ್ಲ ಯಜುರ್ವೇದದಲ್ಲಿ ಅಶ್ವಮೇಧದ ಪ್ರಾಣಿಗಳನ್ನು ದೇವತೆಗಳಿಗೆ ಹಂಚುವಾಗ ಮರಕುಟಿಗವನ್ನು ವನಸ್ಪತಿಗಳ ಪಾಲಿಗೆ ಕೊಟ್ಟಿದ್ದಾರೆ.

ಬೌದ್ಧ ಜಾತಕಗಳಲ್ಲಿ ಈ ಹಕ್ಕಿ ಮತ್ತೆ ಮತ್ತೆ ಬರುತ್ತದೆ. ಒಂದರಲ್ಲಿ ಬೋಧಿಸತ್ವನೇ ಮರಕುಟಿಗ. ಸಿಂಹದ ಗಂಟಲಲ್ಲಿ ಸಿಕ್ಕಿದ ಮೂಳೆ ತೆಗೆಯಲು ಹೋಗುವ ಮುನ್ನ ಅದರ ದವಡೆಗಳ ನಡುವೆ ಕೋಲು ನಿಲ್ಲಿಸುವಷ್ಟು ಜಾಣ. ಇನ್ನೊಂದರಲ್ಲಿ ಜಿಂಕೆ, ಆಮೆ, ಮರಕುಟಿಗ ಮೂವರೂ ಗೆಳೆಯರು. ಜಿಂಕೆ ಚರ್ಮದ ಉರುಳಿಗೆ ಸಿಕ್ಕಿದಾಗ ಆಮೆ ಅದನ್ನು ಕಡಿಯುತ್ತಾ ಕೂರುತ್ತದೆ. ಮರಕುಟಿಗ ಬೇಡನ ಮನೆಗೆ ಹಾರಿ, ಅವನು ಮುಂಬಾಗಿಲಿಂದ ಬಂದರೂ ಹಿತ್ತಿಲಿಂದ ಬಂದರೂ ಮುಖಕ್ಕೆ ಬಡಿಯುತ್ತದೆ, ಅವನು ಅಪಶಕುನವೆಂದು ಒಳಗೆ ಮರಳುತ್ತಾನೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಭರ್ಹುತ್ ಸ್ತೂಪದ ಶಿಲ್ಪಿಗಳು ಈ ಕತೆಯನ್ನು ಕಲ್ಲಿನಲ್ಲಿ ಕೆತ್ತಿದರು. ಮೂರನೆಯದು ನನಗೆ ಎಲ್ಲಕ್ಕಿಂತ ಪ್ರಿಯ. ಕಗ್ಗಲಿ ಮರಗಳ ಕಾಡಿನಲ್ಲಿ ಬೆಳೆದ ಮರಕುಟಿಗದ ಬಳಿಗೆ ಮೆದುಮರಗಳ ಕಾಡಿನ ಗೆಳೆಯ ಬರುತ್ತಾನೆ. ತಾನೂ ಕಗ್ಗಲಿಯನ್ನೇ ಕುಟ್ಟುತ್ತೇನೆಂದು ಹಟ ಹಿಡಿದು, ಕೊಕ್ಕು ಮುರಿದು ಸಾಯುತ್ತಾನೆ. ಕತೆ ಕಟ್ಟಿದವರು ಕಾಡನ್ನು ಕಣ್ಣಾರೆ ಕಂಡವರು. ಎಲ್ಲ ಮರಕುಟಿಗಕ್ಕೂ ಎಲ್ಲ ಮರವೂ ಒಗ್ಗುವುದಿಲ್ಲ. ಹೆಚ್ಚಿನವು ಗೂಡಿಗೆ ಹುಡುಕುವುದು ಸತ್ತ, ಇಲ್ಲವೇ ತಿರುಳು ಕೊಳೆತ ಮರವನ್ನು.

ರೋಮ್ ಕಟ್ಟಿದ ಅವಳಿ ಕೂಸುಗಳಿಗೆ ಹಾಲೂಡಿದ ತೋಳ ಎಲ್ಲರಿಗೂ ಗೊತ್ತು. ಅವರಿಗೆ ತುತ್ತು ತಂದುಕೊಟ್ಟ ಮರಕುಟಿಗವನ್ನು ಮಾತ್ರ ಮರೆತಿದ್ದೇವೆ! ಅದು ಯುದ್ಧದೇವತೆ ಮಾರ್ಸ್‌ನ ಹಕ್ಕಿ. ಪಿಚೇನಿ ಜನರಿಗೆ ಹೊಸ ನೆಲದ ದಾರಿ ತೋರಿದ್ದೂ ಮರಕುಟಿಗವೇ ಎಂಬ ಐತಿಹ್ಯವಿದೆ. ಅವರು ನೆಲೆಸಿದ್ದ ಇಟಲಿಯ ಮಾರ್ಕೆ ಪ್ರಾಂತದ ಲಾಂಛನದಲ್ಲಿ ಇಂದಿಗೂ ಆ ಹಕ್ಕಿ ಇದೆ. ಕ್ಯಾಲಿಫೋರ್ನಿಯಾದ ಯುರೊಕ್, ಕರುಕ್, ಹೂಪ ಜನರಿಗೆ ಮರಕುಟಿಗದ ಕೆಂಪು ನೆತ್ತಿ ಸಿರಿವಂತಿಕೆಯ ಗುರುತು. ಹಬ್ಬದ ಕುಣಿತದ ಶಿರೋಭೂಷಣಕ್ಕೆ ಅದೇ ಅಲಂಕಾರ. ಅದೇ ಕ್ಯಾಲಿಫೋರ್ನಿಯಾದ ಒಂದು ಜಾತಿ ಓಕ್ ಕಾಯಿಗಳನ್ನು ಒಂದೊಂದೇ ತೂತಿಗೆ ಬಿಗಿದಿಟ್ಟು ಕೂಡಿಡುತ್ತದೆ. ತಲೆಮಾರುಗಳು ಕೊರೆದ ಒಂದೊಂದು ‘ಕಣಜದ ಮರ’ದಲ್ಲಿ 50,000ದವರೆಗೂ ತೂತುಗಳಿರಬಹುದು.

ಒಂದು ಮರಕುಟಿಗ ಗೂಡು ಕೊರೆದರೆ ಅದರ ಫಲ ಉಣ್ಣುವವರು ಎಷ್ಟೋ ಮಂದಿ. ಅದು ಬಿಟ್ಟ ಪೊಟರೆಗೆ ಗಿಳಿ ಬರುತ್ತದೆ, ಮೈನಾ ಬರುತ್ತದೆ, ಹಾಲಕ್ಕಿ, ಮಡಿವಾಳ ಹಕ್ಕಿ ಬರುತ್ತವೆ. ಇವಾವುದಕ್ಕೂ ಮರ ಕೊರೆಯುವ ಕೊಕ್ಕಿಲ್ಲ. ‘ಒಣಗಿದೆ, ಕಡಿದುಬಿಡಿ’ ಎಂದು ಸೌದೆ ಮಾಡುವಾಗ ನಾವು ಕಡಿಯುವುದು ಇಷ್ಟೆಲ್ಲ ಜೀವಗಳ ಮನೆಯನ್ನು. ಯಾರ ಮೇಲೂ ಬೀಳುವ ಭಯವಿಲ್ಲದ ಒಣಮರವನ್ನು ನಿಂತಲ್ಲೇ ಬಿಡಬೇಕು.

1809ರಲ್ಲಿ ಪಕ್ಷಿತಜ್ಞ ಅಲೆಕ್ಸಾಂಡರ್ ವಿಲ್ಸನ್ ಅಮೆರಿಕದ ವಿಲ್ಮಿಂಗ್ಟನ್ ಬಳಿ ಗಾಯಗೊಂಡ ದಂತಕೊಕ್ಕಿನ ಮರಕುಟಿಗವೊಂದನ್ನು ಹಿಡಿದು ತಂಗುಮನೆಯ ಕೋಣೆಯಲ್ಲಿ ಬಿಟ್ಟ. ದಾರಿಯುದ್ದಕ್ಕೂ ಅದು ಎಳೆಗೂಸಿನಂತೆ ಚೀರಿತ್ತು. ಒಂದು ತಾಸಿನೊಳಗೆ ಮರಳಿ ನೋಡಿದರೆ ಹಾಸಿಗೆಯ ತುಂಬ ಗಾರೆಯ ಚೂರು. ಗೋಡೆಯಲ್ಲಿ ಮುಷ್ಟಿ ತೂರುವಷ್ಟು ತೂತು. ಮೇಜಿಗೆ ಕಟ್ಟಿಹಾಕಿದರೆ ಮೇಜನ್ನೇ ಹಾಳುಗೆಡವಿತು. ಅನ್ನ ಮುಟ್ಟದೆ ಮೂರು ದಿನಕ್ಕೆ ಸತ್ತಿತು. ವಿಲ್ಸನ್ ಮನಸಾರೆ ಮರುಗಿದ.

ಆ ಜಾತಿಯ ಕೊನೆಯ ನೆಲೆಗಳಲ್ಲೊಂದು ಲೂಸಿಯಾನಾದಲ್ಲಿತ್ತು. ನಮ್ಮ ಮನೆಗಳಲ್ಲೂ ಇದ್ದ ಹೊಲಿಗೆ ಯಂತ್ರದ ಸಿಂಗರ್ ಕಂಪನಿಯ ಒಡೆತನದ ಕಾಡು ಅದು. 1935ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ ಅಲ್ಲಿ ಆ ಹಕ್ಕಿಯ ದನಿಯನ್ನು ಧ್ವನಿಮುದ್ರಿಸಿತು. ಕಡಿಯುವ ಹಕ್ಕು ಮರದ ವ್ಯಾಪಾರಿಗಳ ಕೈಸೇರಿತು, ಉಳಿಸಿಕೊಳ್ಳಲು ನಡೆದ ಯತ್ನಗಳು ಸೋತವು. 1944ರಲ್ಲಿ ಅಲ್ಲಿ ಒಂದು ಒಂಟಿ ಹೆಣ್ಣು ಕಂಡಿತು. ಅಮೆರಿಕದಲ್ಲಿ ಎಲ್ಲರೂ ಒಪ್ಪುವ ಕೊನೆಯ ದರ್ಶನ ಅದೇ.

ಅದೇ ದೇಶದ ಇನ್ನೊಂದು ಮರಕುಟಿಗ ಜೀವಂತ ಪೈನ್ ಮರದಲ್ಲೇ ಗೂಡು ಕೊರೆಯುತ್ತದೆ. ಒಸರುವ ಅಂಟಿನ ನಡುವೆ ಒಂದು ಪೊಟರೆಗೆ ವರ್ಷಗಳೇ ಹಿಡಿಯುತ್ತವೆ. ಹಾವು ಹತ್ತದಂತೆ ಬಾಯಿಯ ಸುತ್ತ ಕುಕ್ಕಿ ಅಂಟು ಹರಿಸುತ್ತದೆ. 1989ರ ಹ್ಯೂಗೊ ಚಂಡಮಾರುತ ದಕ್ಷಿಣ ಕೆರೊಲಿನಾದ ಕಾಡಿನಲ್ಲಿ ಇಂಥ ಪೊಟರೆಮರಗಳನ್ನು ಬಹುಪಾಲು ಉರುಳಿಸಿತು. ಆಗ ಅರಣ್ಯ ಸಿಬ್ಬಂದಿ ಮರ ಹತ್ತಿ, ಯಂತ್ರದ ಗರಗಸದಿಂದ ಕಾಂಡ ಕೊರೆದು, ಅದರೊಳಗೆ ಮರದ ಗೂಡುಪೆಟ್ಟಿಗೆಗಳನ್ನು ಕೂರಿಸಿದರು. ಹಕ್ಕಿಗಳು ಒಪ್ಪಿಕೊಂಡು ಒಳಹೊಕ್ಕವು. 1970ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿದ್ದ ಆ ಜಾತಿಯನ್ನು 2024ರಲ್ಲಿ ಅಲ್ಲಿನ ಸರ್ಕಾರ ಅದಕ್ಕಿಂತ ಕಡಿಮೆ ಅಪಾಯದ ವರ್ಗಕ್ಕೆ ಬದಲಿಸಿತು.