ಇಂಗ್ಲಿಷಿನ ಉಪಪದಗಳೂ ಕನ್ನಡದ ನಿರ್ದೇಶಕ್ರಮವೂ

ಇಂಗ್ಲಿಷಿನಲ್ಲಿ ನಾಮಪದಕ್ಕೆ ಮೊದಲು ಬರುವ ‘ದಿ’, ‘ಎ’, ‘ಆ್ಯನ್’ ಎಂಬ ಆರ್ಟಿಕಲ್ಲುಗಳನ್ನು ಇಲ್ಲಿ ಉಪಪದಗಳೆಂದು ಕರೆದಿದೆ. ಸಂಸ್ಕೃತವ್ಯಾಕರಣದ ಉಪಪದವಿಭಕ್ತಿಗೂ ಇವಕ್ಕೂ ಸಂಬಂಧವಿಲ್ಲ. ‘ದಿ’ ಎಂದರೆ ‘ಆ’, ‘ಎ’ ಎಂದರೆ ‘ಒಂದು’ ಎಂದು ಬಾಲಕರಿಗೆ ಹೇಳಿಕೊಡುವುದು ವಾಡಿಕೆ. ಚರಿತ್ರದೃಷ್ಟಿಯಿಂದ ಈ ಸಮೀಕರಣವು ನಿರಾಧಾರವಾದುದಲ್ಲ. ಸುಮಾರು ಕ್ರಿ. ಶ. 1100ಕ್ಕೆ ಹಿಂದಿನ ಪ್ರಾಚೀನ ಇಂಗ್ಲಿಷಿನಲ್ಲಿ ಲಿಂಗವಿಭಕ್ತಿಗಳಿಗನುಸಾರವಾಗಿ ರೂಪಭೇದವನ್ನು ಹೊಂದುತ್ತಿದ್ದ ನಿರ್ದೇಶಕ ಸರ್ವನಾಮವೇ ಕ್ರಮೇಣ ಸವೆದು ‘ದಿ’ ಆಯಿತು. ಈಗಿನ ‘ದಟ್’ ಎಂಬುದು ಆ ಸರ್ವನಾಮದ ನಪುಂಸಕರೂಪವೇ. ಹಾಗೆಯೇ ಒಂದು ಎಂಬರ್ಥದ ‘ಆನ್’ ಎಂಬ ಸಂಖ್ಯಾವಾಚಿಯು ಬಲಗುಂದಿ ‘ಆ್ಯನ್’ ಎಂದಾಗಿ, ವ್ಯಂಜನದ ಮುಂದೆ ನಕಾರವನ್ನೂ ಕಳೆದುಕೊಂಡು ‘ಎ’ ಎಂದುಳಿಯಿತು. ಆದಕಾರಣ ಸ್ವರದ ಮುಂದೆ ನಕಾರವು ಬಂದು ಸೇರುವುದೆಂಬ ಪಾಠವು ತಲೆಕೆಳಗಾದುದು. ಆ ನಕಾರವು ಯಾವ ಪದಕ್ಕೆ ಸೇರಿದುದೆಂಬ ಭ್ರಾಂತಿಯು ಇಂಗ್ಲಿಷರಿಗೇ ಉಂಟಾಗಿ, ‘ಎ ನೇಪ್ರನ್’ ಎಂಬುದು ‘ಆ್ಯನ್ ಏಪ್ರನ್’ ಎಂದೂ, ‘ಆ್ಯನ್ ಎಕನೇಮ್’ ಎಂಬುದು ‘ಎ ನಿಕ್‌ನೇಮ್’ ಎಂದೂ ಮಾರ್ಪಟ್ಟುವು.

ಆದರೆ ವ್ಯುತ್ಪತ್ತಿ ಬೇರೆ, ಪ್ರಯೋಗ ಬೇರೆ. ಕನ್ನಡದ ‘ಆ’ ಎಂಬುದು ಬೆರಳು ಮಾಡಿ ತೋರಿಸುವ ಶಕ್ತಿಯನ್ನು ಇಂದಿಗೂ ಉಳಿಸಿಕೊಂಡಿದೆ. ‘ದಿ’ ಅದನ್ನು ಬಹುಮಟ್ಟಿಗೆ ಕಳೆದುಕೊಂಡಿದೆ. ‘ದಿ ಸನ್’ ಎಂಬುದನ್ನು ‘ಆ ಸೂರ್ಯನು’ ಎಂದರೆ, ಬೇರೊಬ್ಬ ಸೂರ್ಯನೂ ಇರುವನೇ ಎಂದು ಕೇಳಬೇಕಾಗುತ್ತದೆ. ಹೇಳುತ್ತಿರುವ ವಸ್ತುವು ಯಾವುದೆಂಬುದು ಕೇಳುವವನಿಗೆ ತಿಳಿಯುವಂತಿದೆ ಎಂಬಷ್ಟನ್ನೇ ‘ದಿ’ ಸೂಚಿಸುತ್ತದೆ.

ಉಪಪದವಿಲ್ಲದಿರುವುದು ಭಾಷೆಗೆ ಕೊರತೆಯಲ್ಲ. ಸಂಸ್ಕೃತಕ್ಕೂ ಲ್ಯಾಟಿನಿಗೂ ಅದಿಲ್ಲ. ಪ್ರಾಚೀನ ಗ್ರೀಕಿನಲ್ಲಿ ನಿಶ್ಚಿತ ಉಪಪದ ಮಾತ್ರವಿದೆ. ಕನ್ನಡವು ಈ ಅರ್ಥಭೇದವನ್ನು ಅನ್ಯಮಾರ್ಗಗಳಿಂದ ಸಾಧಿಸಿಕೊಳ್ಳುತ್ತದೆ. ‘ಮನೆಯಲ್ಲಿ ಹಾವಿದೆ’, ‘ಹಾವು ಮನೆಯಲ್ಲಿದೆ’ ಎಂಬ ವಾಕ್ಯಗಳನ್ನು ನೋಡಿರಿ. ಮೊದಲನೆಯದು ಹೊಸ ಸುದ್ದಿ. ಎರಡನೆಯದರಲ್ಲಿ ಹಾವು ಆಗಲೇ ಮಾತಿಗೆ ಬಂದಿದೆ, ಅದು ಎಲ್ಲಿ ಅಡಗಿತೆಂಬುದಷ್ಟೇ ವಿಷಯ. ಇಂಗ್ಲಿಷಿನವನು ಮೊದಲನೆಯದಕ್ಕೆ ‘ಎ’ ಎಂದೂ ಎರಡನೆಯದಕ್ಕೆ ‘ದಿ’ ಎಂದೂ ಹೇಳದೆ ಗತ್ಯಂತರವಿಲ್ಲ. ನಮ್ಮಲ್ಲಿ ಪದವೊಂದೂ ಹೆಚ್ಚಲಿಲ್ಲ, ಪ್ರತ್ಯಯವೂ ಬದಲಾಗಲಿಲ್ಲ. ಪದಗಳ ಕ್ರಮವೊಂದು ತಿರುಗಿತು.

ದ್ವಿತೀಯಾವಿಭಕ್ತಿಯೂ ಈ ಕೆಲಸಕ್ಕೆ ನೆರವಾಗುವುದುಂಟು. ‘ಹೆಣ್ಣು ನೋಡಲು ಹೋದರು’ ಎಂಬಲ್ಲಿ ಯಾವ ಹೆಣ್ಣೆಂಬ ಪ್ರಶ್ನೆಯೇ ಏಳದು. ‘ಹೆಣ್ಣನ್ನು ನೋಡಲು ಹೋದರು’ ಎಂದರೆ ಗೊತ್ತಾದ ಒಬ್ಬಳು ಮನಸ್ಸಿಗೆ ಬರುತ್ತಾಳೆ. ಗ್ರಂಥಭಾಷೆಯಲ್ಲಿ ‘ಒಂದು ಎಮ್ಮೆಯನ್ನು ಕೊಂಡನು’ ಎಂದೂ ಬರೆಯುವುದರಿಂದ ಇದನ್ನು ಸೂತ್ರವೆನ್ನಲಾಗದು, ಆಡುಮಾತಿನ ಒಲವೆನ್ನಬಹುದು.

ಅಧ್ಯಾಪಕರು ಹಾವಿನ ವಾಕ್ಯಗಳಂಥವನ್ನು ಮೊದಲು ಕೊಟ್ಟು, ವಿದ್ಯಾರ್ಥಿಗೆ ತನ್ನ ಮಾತಿನಲ್ಲಿಯೇ ಇರುವ ಭೇದವನ್ನು ತೋರಿಸಿ, ಬಳಿಕ ಉಪಪದಗಳಿಗೆ ಬರುವುದು ಲೇಸೆಂದು ತೋರುತ್ತದೆ. ಸಮೀಕರಣದ ಪಾಠದಿಂದ ಇಂಗ್ಲಿಷಿಗಷ್ಟೇ ಅಲ್ಲ, ಕನ್ನಡಕ್ಕೂ ಕೇಡು ತಟ್ಟಿದೆ. ‘ಅವನು ವೈದ್ಯ’ ಎಂದರೆ ಸಾಲುವಲ್ಲಿ ‘ಅವನು ಒಬ್ಬ ವೈದ್ಯನಾಗಿದ್ದಾನೆ’ ಎಂಬ ಗದ್ಯವು ಭಾಷಾಂತರಗಳಿಂದ ಹೊರಟು ಸ್ವತಂತ್ರಕೃತಿಗಳನ್ನೂ ಹೊಕ್ಕಿದೆ.