ವಿದ್ಯುತ್ತಿಗೆ ಸಮನಾಗಿ ಓಡುವ ಗಣಿತ

ನಮ್ಮ ಯಳಂದೂರು ಸೀಮೆಗೆ ಸಮೀಪದ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರು ದೂರ ವಿದ್ಯುತ್ತು ಹರಿದ ಸಂಗತಿಯು ವಾಚಕ ಮಹಾಶಯರಿಗೆ ವಿದಿತವಾದುದೇ. ಅದೇ ಕೋಲಾರಕ್ಕೆ 2003ರಿಂದ ಒಡಿಶಾದ ತಾಲ್ಚೇರಿನಿಂದ ಏಕಮುಖ ವಿದ್ಯುತ್ತು ಬರುತ್ತಿದೆ. ಅದನ್ನು ಮನೆಗಳಿಗೆ ಒದಗುವ ಪರ್ಯಾಯ ವಿದ್ಯುತ್ತನ್ನಾಗಿ ಮಾರ್ಪಡಿಸತಕ್ಕವು ಥೈರಿಸ್ಟರುಗಳೆಂಬ ಸಿಲಿಕಾನಿನ ಕವಾಟಗಳು. ತೋಟದ ಸೌರ ಪಂಪಿನ ಇನ್ವರ್ಟರಿನಲ್ಲಿಯೂ ಇವುಗಳ ಕಿರಿಯ ಬಂಧುಗಳೇ ಸೆಕೆಂಡಿಗೆ ಸಾವಿರಾರು ಬಾರಿ ತೆರೆದು ಮುಚ್ಚುತ್ತಿರುವುವು.

ಕವಾಟಗಳಿಗೆ ಆಜ್ಞೆಯೀಯುವ ನಿಯಂತ್ರಕವನ್ನು ಪರೀಕ್ಷಿಸುವುದೆಂತು? ನಿಜವಾದ ತಂತಿಗೆ ಜೋಡಿಸಿ ಬೇಕೆಂದೇ ಅಪಘಾತವನ್ನುಂಟುಮಾಡಿದರೆ ಯಂತ್ರಗಳು ಸುಟ್ಟಾವು, ಊರುಗಳು ಕತ್ತಲಾದಾವು, ಆಸ್ಪತ್ರೆಯ ರೋಗಿಗಳ ಪ್ರಾಣಕ್ಕೂ ಸಂಚಕಾರ ಬಂದೀತು. ಆದುದರಿಂದ ಗಣಕಯಂತ್ರದಲ್ಲಿ ವಿದ್ಯುಜ್ಜಾಲದ ಪ್ರತಿಬಿಂಬವನ್ನು ರಚಿಸಿ, ನಿಜವಾದ ನಿಯಂತ್ರಕವನ್ನು ಅದಕ್ಕೆ ಜೋಡಿಸುವರು.

ಆದರೆ ಒಂದು ನಿಬಂಧನೆಯುಂಟು. ನಿಜವಾದ ಜಾಲದಲ್ಲಿ ಒಂದು ಘಟನೆಗೆ ಎಷ್ಟು ಕಾಲ ಹಿಡಿಯುವುದೋ, ಅಷ್ಟರಲ್ಲಿಯೇ ಅದರ ಲೆಕ್ಕವೂ ಮುಗಿಯಬೇಕು. ಸಾಮಾನ್ಯವಾಗಿ 50 ಮೈಕ್ರೊಸೆಕೆಂಡಿಗೊಮ್ಮೆ, ಎಂದರೆ ಸೆಕೆಂಡಿಗೆ 20,000 ಬಾರಿ, ಇಡೀ ಜಾಲದ ಸ್ಥಿತಿಯನ್ನು ಗಣಿಸಬೇಕು. ವೇಗದ ಕವಾಟಗಳ ಭಾಗಕ್ಕೆ ಇನ್ನೂ ಸೂಕ್ಷ್ಮವಾದ ಕಾಲ. ತಡವಾಗಿ ಬಂದ ಸರಿಯುತ್ತರವೂ ಇಲ್ಲಿ ತಪ್ಪೇ. ಪಂಕ್ತಿಯು ಎದ್ದ ಮೇಲೆ ಬಂದ ಪಾಯಸದಿಂದೇನು ಪ್ರಯೋಜನ?

ಸಂತರ್ಪಣೆಯ ಅಡುಗೆಯನ್ನು ಹಲವು ಒಲೆಗಳಿಗೆ ಹಂಚುವಂತೆ ಈ ಲೆಕ್ಕವನ್ನೂ ಹಲವು ಗಣಕಗಳಿಗೆ ಹಂಚಿ ಏಕಕಾಲದಲ್ಲಿ ನಡೆಸುವರು. ಒಂದರ ಉತ್ತರಕ್ಕಾಗಿ ಇನ್ನೊಂದು ಕಾಯುತ್ತ ಕುಳಿತರೆ ಹಂಚಿ ಫಲವೇನು, ಎಂದು ಕೇಳಬಹುದು. ಇದಕ್ಕೆ ಪ್ರಕೃತಿಯೇ ಸಹಾಯಕಳು. ತಂತಿಯಲ್ಲಿ ವಿದ್ಯುತ್ತರಂಗವು ಮೈಕ್ರೊಸೆಕೆಂಡಿಗೆ ಹೆಚ್ಚೆಂದರೆ 300 ಮೀಟರು ಸಾಗುವುದು. 50 ಮೈಕ್ರೊಸೆಕೆಂಡಿಗೆ 15 ಕಿಲೋಮೀಟರು. ಶಿವನಸಮುದ್ರದಲ್ಲಾದ ಕ್ಷೋಭೆಯು ಕೋಲಾರವನ್ನು ಮುಟ್ಟಲು ಸುಮಾರು 490 ಮೈಕ್ರೊಸೆಕೆಂಡು ಬೇಕು. ಅಲ್ಲಿಯವರೆಗೆ ಈ ತುದಿಯ ಸುದ್ದಿ ಆ ತುದಿಗೆ ತಿಳಿಯದು. ಆದಕಾರಣ ಎರಡು ತುದಿಗಳನ್ನು ಎರಡು ಗಣಕಗಳು ಬೇರೆಬೇರೆಯಾಗಿ ಗಣಿಸಿದರೂ ದೋಷವಿಲ್ಲ.

ಇಂತಹ ಯಂತ್ರಗಳು ಕೆನಡಾದ ಮ್ಯಾನಿಟೋಬಾದಲ್ಲಿ ನಿರ್ಮಿತವಾಗಿ 1990ರ ದಶಕದಲ್ಲಿ ಬಳಕೆಗೆ ಬಂದವು. 1960ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿಯೂ ಅಂತಹುದೊಂದುಂಟು.

ಪ್ರತಿಬಿಂಬವು ತನ್ನಲ್ಲಿ ಬರೆದಿಟ್ಟ ಸಮೀಕರಣಗಳನ್ನು ಮಾತ್ರ ಬಲ್ಲುದು. ಬರೆಯಲು ಮರೆತುದನ್ನು ಅದು ತಾನಾಗಿ ತೋರಿಸಲಾರದು. ಆದರೂ ಸಿಡಿಲು, ತಂತಿಯ ಕಡಿತ, ಕವಾಟದ ವೈಫಲ್ಯ ಮುಂತಾದ ನೂರು ವಿಪತ್ತುಗಳನ್ನು, ಯಾರ ಮನೆಯ ದೀಪವೂ ಆರದಂತೆ, ಮೊದಲೇ ನಡೆಸಿ ನೋಡಬಹುದೆಂಬುದು ಗೃಹಸ್ಥರಿಗೆ ಅಲ್ಪಲಾಭವಲ್ಲ.